ಎರಡು ಬಣ್ಣದ ಹೈಬ್ರಿಡ್ ಟೀ ಗುಲಾಬಿ: ತಳಿಯನ್ನು ವಿವರಿಸುವ ಮತ್ತು ಒರೆಗೆ ಹಚ್ಚುವ ಬಗೆ

ಉದ್ದ ಕಾಂಡದ ತುದಿಗೆ ಸಾಮಾನ್ಯವಾಗಿ ಒಂದೇ ದೊಡ್ಡ ಹೂ ಬಿಡುವ ಗುಲಾಬಿಗಳ ಗುಂಪೇ ಹೈಬ್ರಿಡ್ ಟೀ. ಈ ಗುಂಪಿನ ಎರಡು ಬಣ್ಣದ ಗುಲಾಬಿಯೊಂದನ್ನು ವಿವರಿಸಲು ಕುಳಿತವರು ಮೊದಲು ಗಮನಿಸಬೇಕಾದದ್ದು, ಆ ಬಣ್ಣಗಳು ಎಸಳಿನ ಯಾವ ಭಾಗದಲ್ಲಿವೆ ಎಂಬುದನ್ನು. ಎಸಳಿನ ಒಳಮೈಗೆ ಒಂದು ಬಣ್ಣ, ಹೊರಮೈಗೆ ಸ್ಪಷ್ಟವಾಗಿ ಬೇರೆಯದೇ ಬಣ್ಣ ಇದ್ದರೆ ಅದು ಕಟ್ಟುನಿಟ್ಟಾದ ಅರ್ಥದಲ್ಲಿ ದ್ವಿವರ್ಣ ತಳಿ. ಒಳಗೆ ಉಜ್ಜ್ವಲ ಕೆಂಪು, ಹೊರಗೆ ಹಳದಿ ಇರುವ 1960ರ ಪಿಕಾಡಿಲಿ ಇದಕ್ಕೆ ಒಳ್ಳೆಯ ಉದಾಹರಣೆ. 1977ರಲ್ಲಿ ಬಂದ ಡಬಲ್ ಡಿಲೈಟ್ ಹಾಗಲ್ಲ. ಅದರ ಕೆನೆಬಣ್ಣದ ಎಸಳಿನ ಅಂಚಿನಿಂದ ಕೆಂಪು ದಿನದಿಂದ ದಿನಕ್ಕೆ ಒಳಕ್ಕೆ ಹರಡುತ್ತದೆ, ಹಾಗಾಗಿ ಅದನ್ನು ಮಿಶ್ರವರ್ಣದ ಗುಂಪಿಗೆ ಸೇರಿಸುತ್ತಾರೆ. ಈ ವ್ಯತ್ಯಾಸವನ್ನು ಬರೆದಿಡದ ವಿವರಣೆಯನ್ನು ಓದಿ ಯಾರೂ ಗಿಡವನ್ನು ಗುರುತಿಸಲಾರರು.

ಬಣ್ಣವನ್ನು ನೋಡಲು ಬೆಳಗಿನ ಹೊತ್ತು, ನೇರ ಬಿಸಿಲು ಬೀಳದ ಬೆಳಕು ಸೂಕ್ತ. ಅರ್ಧಕ್ಕಿಂತ ಹೆಚ್ಚು ಅರಳಿದ ಹೂವಿನಿಂದ ಹೊರಸುತ್ತಿನ ಒಂದು, ನಡುಸುತ್ತಿನ ಒಂದು, ಒಳಸುತ್ತಿನ ಒಂದು ಎಸಳನ್ನು ಬಿಡಿಸಿ ಬಿಳಿ ಹಾಳೆಯ ಮೇಲಿಡಿ. ಪ್ರತಿಯೊಂದನ್ನೂ ಮಗುಚಿ ನೋಡಿ: ಬುಡದಲ್ಲಿ ಹಳದಿ ಮಚ್ಚೆ ಇದೆಯೇ, ಎರಡು ಬಣ್ಣಗಳು ಗೆರೆ ಎಳೆದಂತೆ ಬೇರೆಯಾಗುತ್ತವೆಯೇ ಅಥವಾ ಒಂದರೊಳಗೊಂದು ಕರಗುತ್ತವೆಯೇ, ಹೊರಮೈಯ ನರಗಳಲ್ಲಿ ಕೆಂಪು ಇಣುಕುತ್ತದೆಯೇ. ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ವರ್ಣಪಟ್ಟಿ ಸಿಕ್ಕರೆ ಅದರ ಸಂಖ್ಯೆಯನ್ನು ನಮೂದಿಸಿ. ಅದು ದುಬಾರಿಯಾದ್ದರಿಂದ, ಸಿಗದಿದ್ದಲ್ಲಿ ದಾಳಿಂಬೆ ಹೂವಿನ ಕೆಂಪು, ಲಿಂಬೆ ಹಳದಿ, ಕೆನೆ ಮುಂತಾಗಿ ಎಲ್ಲರಿಗೂ ತಿಳಿಯುವ ಹೆಸರುಗಳೇ ಸಾಕು.

ಇಷ್ಟಕ್ಕೇ ನಿಲ್ಲಿಸುವಂತಿಲ್ಲ. ದ್ವಿವರ್ಣ ತಳಿಯ ಯೋಗ್ಯತೆ ತಿಳಿಯುವುದು ಮೊದಲ ದಿನದ ಹೂವಿನಲ್ಲಲ್ಲ, ಎಸಳು ಉದುರುವವರೆಗೆ ಎರಡು ಬಣ್ಣಗಳ ನಡುವಿನ ಅಂತರ ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬುದರಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಿಕಾಡಿಲಿ ಹಳತಾದಂತೆ ಕಿತ್ತಳೆಯ ಕಡೆಗೆ ವಾಲುತ್ತದೆ. ಪೀಸ್ ಗುಲಾಬಿಯ ರೆಂಬೆಯೊಂದರ ಸಹಜ ಮಾರ್ಪಾಟಿನಿಂದ ಬಂದ ಕ್ರೋನೆನ್‌ಬರ್ಗ್‌ನ ಕೆಂಪು ನೇರಳೆಗೆ ತಿರುಗುತ್ತದೆ. ಆದ್ದರಿಂದ ಒಂದೇ ಹೂವಿಗೆ ದಾರ ಕಟ್ಟಿ ಗುರುತು ಮಾಡಿ, ಪ್ರತಿದಿನ ಅದೇ ಹೊತ್ತಿಗೆ ನೋಡಿ ಬರೆಯಿರಿ. ಗಿಡ ಎಲ್ಲಿದೆ ಎಂಬುದನ್ನೂ ತಪ್ಪದೆ ಬರೆಯಬೇಕು. ಡಬಲ್ ಡಿಲೈಟ್‌ನ ಕೆಂಪು ಮೂಡಲು ಬಿಸಿಲಿನ ಅತಿನೇರಳೆ ಕಿರಣ ಬೇಕಾಗಿರುವುದರಿಂದ, ತೆರೆದ ತಾರಸಿಯ ಕುಂಡದಲ್ಲಿ ಕಡುಗೆಂಪಾಗುವ ಅಂಚು ನೆರಳಿನ ಬಾಲ್ಕನಿಯಲ್ಲಿ ಪೇಲವವಾಗಿಯೇ ಉಳಿಯಬಹುದು. ಅದು ತಳಿಯ ದೋಷವಲ್ಲ.

ಆಕಾರ ಮತ್ತು ಗಿಡದ ವಿವರ ಇಷ್ಟು ಕಷ್ಟದ್ದಲ್ಲ. ಎಸಳುಗಳನ್ನು ಎಣಿಸಿ (17ರಿಂದ 25 ಇದ್ದರೆ ಡಬಲ್, 26ರಿಂದ 40 ಇದ್ದರೆ ಫುಲ್), ನಡುಭಾಗ ಎತ್ತರವಾಗಿ ನಿಂತಿದೆಯೇ ನೋಡಿ, ಹೂವಿನ ಅಡ್ಡಳತೆ ಮತ್ತು ಕಾಂಡದ ಉದ್ದವನ್ನು ಅಳೆಯಿರಿ, ಹೂವಿನ ಭಾರಕ್ಕೆ ಕುತ್ತಿಗೆ ಬಾಗುತ್ತದೆಯೇ ಎಂಬುದನ್ನು ಬರೆದುಕೊಳ್ಳಿ.

ಮೌಲ್ಯಮಾಪನಕ್ಕೆ ಅಮೆರಿಕನ್ ರೋಸ್ ಸೊಸೈಟಿಯ ಪ್ರದರ್ಶನದ ಅಂಕಪದ್ಧತಿ ಉಪಯುಕ್ತ: ಆಕಾರಕ್ಕೆ 25, ಬಣ್ಣಕ್ಕೆ 20, ಕಾಂಡ ಮತ್ತು ಎಲೆಗಳಿಗೆ 20, ಎಸಳಿನ ಕಸುವಿಗೆ (ಅದರ ದಪ್ಪ, ಗಟ್ಟಿತನ, ತಾಜಾತನಕ್ಕೆ) 15, ಸಮತೋಲನಕ್ಕೆ 10, ಗಾತ್ರಕ್ಕೆ 10. ಇದರಲ್ಲಿ ಪರಿಮಳಕ್ಕೆ ಪ್ರತ್ಯೇಕ ಅಂಕವಿಲ್ಲ. ಪ್ರದರ್ಶನದ ಮೇಜಿಗೆ ಈ ಕ್ರಮ ಸರಿ. ಮನೆಯಂಗಳದ ಗಿಡಕ್ಕೆ ಪರಿಮಳವನ್ನೂ ರೋಗನಿರೋಧಕ ಶಕ್ತಿಯನ್ನೂ ಬಿಟ್ಟು ಅಂಕ ಕೊಡುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಘಮಘಮಿಸುವ ಡಬಲ್ ಡಿಲೈಟ್, ಎಲೆಗಳ ಮೇಲೆ ಬಿಳಿ ಪುಡಿಯಂತೆ ಹರಡುವ ಬೂದಿ ರೋಗಕ್ಕೆ ಬೇಗ ತುತ್ತಾಗುತ್ತದೆ. ಈ ಗುಣ, ಈ ದೋಷ ಎರಡೂ ಒಂದೇ ಹಾಳೆಯ ಮೇಲೆ ಇರಬೇಕು.

ಬೆಂಗಳೂರಿನಲ್ಲಿ ತಳಿಯನ್ನು ಕನಿಷ್ಠ ಒಂದು ವರ್ಷದ ಸುತ್ತಾದರೂ ನೋಡಿ ಅಂಕ ಕೊಡಬೇಕು. ಮಳೆಗಾಲದಲ್ಲಿ ಕಪ್ಪು ಚುಕ್ಕೆ ರೋಗ ಎಷ್ಟು ಎಲೆಗಳನ್ನು ಉದುರಿಸಿತು, ಮೊಗ್ಗುಗಳು ನೀರು ಕುಡಿದು ಅರಳದೆ ಕೊಳೆತವೇ ಎಂಬುದನ್ನು ಗಮನಿಸಿ. ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರ್ ಸುಮಾರಿಗೆ ಗಿಡವನ್ನು ಸವರಿದರೆ, ತಂಪು ಹವೆಯಲ್ಲಿ ಬರುವ ಹೂಗಳು ತಳಿಯ ಅತ್ಯುತ್ತಮ ಬಣ್ಣವನ್ನು ತೋರಿಸುತ್ತವೆ. ಬೂದಿ ರೋಗದ ಪರೀಕ್ಷೆಯೂ ಆಗಲೇ ನಡೆಯುತ್ತದೆ. ಲಾಲ್‌ಬಾಗ್‌ನ ಜನವರಿಯ ಪ್ರದರ್ಶನದಲ್ಲಿ ಕಾಣುವ ಹೂಗಳು ಈ ಹವೆಯವು ಎಂಬುದು ನೆನಪಿರಲಿ. ಮಾರ್ಚ್, ಏಪ್ರಿಲ್‌ನ ಬಿಸಿಲಿಗೆ ಹೂವು ಕಿರಿದಾಗುತ್ತದೆ, ಎಸಳು ತೆಳುವಾಗುತ್ತದೆ, ಥ್ರಿಪ್ಸ್ ಕೀಟದ ಕಾಟ ಹೆಚ್ಚುತ್ತದೆ. ಅದು ಕೆರೆದ ಕಂದು ಗುರುತು ಕೆಂಪು ಒಳಮೈಗಿಂತ ಬಿಳಿ ಅಥವಾ ಹಳದಿ ಹೊರಮೈಯಲ್ಲಿ ಎದ್ದು ಕಾಣುವುದರಿಂದ, ದ್ವಿವರ್ಣ ತಳಿಗಳಿಗೆ ಇದು ನಿಜಕ್ಕೂ ಕಠಿಣವಾದ ಕಾಲ.

ಹೊಸ ತಳಿಯ ಪಕ್ಕದಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಹಳೆಯ ತಳಿಯೊಂದನ್ನು, ಅದೇ ಬಗೆಯ ಬೇರುಗಿಡಕ್ಕೆ (ಕಸಿಗೆ ಬೇರು ಒದಗಿಸುವ ಗಿಡಕ್ಕೆ) ಕಣ್ಣು ಕಸಿ ಮಾಡಿದ್ದನ್ನು, ಅದೇ ಅಳತೆಯ ಕುಂಡದಲ್ಲಿ, ಅದೇ ಮಣ್ಣು, ಗೊಬ್ಬರ, ಬಿಸಿಲಿನಲ್ಲಿ ಬೆಳೆಸಿ, ಎರಡಕ್ಕೂ ಒಂದೇ ದಿನ ಅಂಕ ಕೊಡಿ.