ಹಗ್ಗ ಬಿಗಿಯಾದರೆ ನಾನು ನಿಲ್ಲುತ್ತೇನೆ

ನಮ್ಮ ಮಿಂಚು ಅಮ್ಮನನ್ನು ಬೀಳಿಸಿದಾಗ ಅವಳಿಗೆ ಎಂಟು ತಿಂಗಳು. ಮುಧೋಳ ನಾಯಿ. ಮೈಸೂರಿನ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಆರೂವರೆಗೆ ಹೊಂಗೆ ಮರದಿಂದ ಒಂದು ಅಳಿಲು ಇಳಿಯಿತು, ಅಷ್ಟೇ. ಅಮ್ಮ ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದರು. ಮಣಿಕಟ್ಟು ಊದಿ ಮೂರು ವಾರ ಲಟ್ಟಣಿಗೆ ಹಿಡಿಯೋಕೆ ಆಗಲಿಲ್ಲ. ನಾನು ಸಿಟ್ಟಾದರೆ ಅವರೇ ಅಂದರು, "ಬೈಬೇಡ ಕಣೋ, ಅದಕ್ಕೆ ಯಾರು ಹೇಳಿಕೊಟ್ಟಿದ್ದಾರೆ?"

ನಿಜ. ಯಾರೂ ಹೇಳಿಕೊಟ್ಟಿರಲಿಲ್ಲ. ಬಾಗಲಕೋಟೆ ಕಡೆಯ ಬಯಲಿನಲ್ಲಿ ಮೊಲ ಅಟ್ಟಿಸಿಕೊಂಡು ಓಡಿದ ತಳಿ ಅದು. ಮೂಗಿಗಿಂತ ಕಣ್ಣನ್ನು ಜಾಸ್ತಿ ನಂಬುತ್ತೆ. ಕಣ್ಣೆದುರು ಏನಾದರೂ ಓಡಿದರೆ ಇವಳ ಕಾಲು ತಾನಾಗಿಯೇ ಓಡುತ್ತೆ.

ಮೊದಲು ಒಬ್ಬ ಟ್ರೈನರ್ ಹತ್ತಿರ ಹೋದೆ. ಕತ್ತು ಬಿಗಿಯುವ ಕಬ್ಬಿಣದ ಚೈನ್ ಕೊಟ್ಟು, ಎಳೆದಾಗಲೆಲ್ಲ ಜಗ್ಗಿ ಅಂದರು. ನಾಲ್ಕೇ ದಿನ. ಮಿಂಚು ಕೆಮ್ಮತೊಡಗಿದಳು. ಚೈನಿನ ಸದ್ದು ಕೇಳಿದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು. ಆ ಚೈನನ್ನು ಗುಜರಿಗೆ ಹಾಕಿದೆ. ದಯವಿಟ್ಟು ನೀವೂ ಅದನ್ನು ಬಳಸಬೇಡಿ.

ಮಾಮೂಲಿ ಬೆಲ್ಟ್ ಕೂಡ ಮುಧೋಳ ನಾಯಿಗೆ ಸರಿಯಾಗಲ್ಲ. ತಲೆ ಸಣ್ಣದು, ಹಿಂದಕ್ಕೆ ಜಗ್ಗಿದರೆ ಬೆಲ್ಟ್ ಕಳಚಿ ಬರುತ್ತೆ. ಎದೆಯ ಮೇಲೊಂದು, ಬೆನ್ನ ಮೇಲೊಂದು ಬಳೆ ಇರುವ ಹಾರ್ನೆಸ್, ಅಂದರೆ ಕತ್ತಿನ ಬದಲು ಎದೆ-ಬೆನ್ನಿಗೆ ಸುತ್ತಿ ಕಟ್ಟುವ ಪಟ್ಟಿ, ತಂದೆ. ಆರು ಅಡಿಯ ಸಾದಾ ನೈಲಾನ್ ಹಗ್ಗ. ಎಳೆದಷ್ಟೂ ಉದ್ದವಾಗುವ ಹಗ್ಗ ಬೇಡ, ಎಳೆದರೆ ಮುಂದೆ ಹೋಗಬಹುದು ಅನ್ನುವುದನ್ನೇ ಅದು ಕಲಿಸುತ್ತೆ.

ಯೋಚಿಸಿದರೆ, ನಾವೂ ದಿನಾ ಅದನ್ನೇ ಕಲಿಸಿದ್ದೆವು ಅಲ್ವಾ? ಮಿಂಚು ಎಳೆದಳು, ನಾವು ಹಿಂದೆ ಹೋದೆವು, ಅವಳಿಗೆ ಕಂಬ ಸಿಕ್ಕಿತು. ಪ್ರತಿ ಹೆಜ್ಜೆಗೂ ಕೂಲಿ. ಆ ಕೂಲಿ ನಿಲ್ಲಿಸಬೇಕಿತ್ತು.

ಒಂದು ವಾರ ಮಹಡಿಯ ಮೇಲೆ ಮಾತ್ರ ನಡೆದೆವು. ಅವಳು ನನ್ನ ಎಡಗಾಲಿನ ಪಕ್ಕ ಬಂದಾಗಲೆಲ್ಲ ಬೇಯಿಸಿದ ಕೋಳಿಮಾಂಸದ ಒಂದು ಚೂರು, ನಮ್ಮ ಉಗುರಿನಷ್ಟು. ಕೊಡುವ ಜಾಗ ನನ್ನ ಮಂಡಿಯ ಪಕ್ಕವೇ. ಕೈ ಮುಂದೆ ಚಾಚಿ ಕೊಟ್ಟರೆ ನಾಯಿ ಮುಂದೆ ಬಂದು ಅಡ್ಡ ನಿಲ್ಲುತ್ತೆ.

ಆಮೇಲೆ ಬೀದಿ. ಹಗ್ಗ ಬಿಗಿಯಾದ ತಕ್ಷಣ ನಿಂತೆ. ಜಗ್ಗಲಿಲ್ಲ, ಗದರಲಿಲ್ಲ, ಸುಮ್ನೆ ನಿಂತೆ. ಅವಳು ತಿರುಗಿ ನೋಡಿ, ಹಗ್ಗ ಸಡಿಲವಾದಾಗ "ಭೇಷ್" ಅಂದು ಹೆಜ್ಜೆ ಇಟ್ಟೆ. ಮತ್ತೆ ಬಿಗಿ, ಮತ್ತೆ ನಿಂತೆ. ಗೇಟಿನಿಂದ ಮೂಲೆಯ ಟ್ರಾನ್ಸ್‌ಫಾರ್ಮರ್‌ವರೆಗೆ ಹೋಗಲು ಮೊದಲ ದಿನ 25 ನಿಮಿಷ ಬೇಕಾಯಿತು. ಹತ್ತನೇ ದಿನ ಆರು ನಿಮಿಷ.

ಅಷ್ಟರಲ್ಲಿ ಒಂದು ಭಾನುವಾರ ತಮ್ಮ ಅವಸರದಲ್ಲಿ ಕರೆದುಕೊಂಡು ಹೋಗಿ, ಎಳೆದ ಕಡೆಗೆಲ್ಲ ಹೋಗಿ ಬಂದ. ಸೋಮವಾರ ಮಿಂಚು ಮೊದಲಿಗಿಂತ ಜೋರಾಗಿ ಎಳೆದಳು. ಒಮ್ಮೊಮ್ಮೆ ಸಿಗುತ್ತೆ ಅಂತ ಗೊತ್ತಾದರೆ ನಾಯಿ ಬಿಡೋದೇ ಇಲ್ಲ. ಅಂದಿನಿಂದ ಮನೆಯಲ್ಲಿ ಒಂದು ನಿಯಮ ಮಾಡಿದೆವು. ಪಾಠ ಇರುವಾಗ ಹಗ್ಗ ಎದೆಯ ಬಳೆಗೆ, ಅವಸರ ಇರುವಾಗ ಬೆನ್ನಿನ ಬಳೆಗೆ, ಆಗ ಎಳೆದರೂ ಪರವಾಗಿಲ್ಲ. ಈ ವ್ಯತ್ಯಾಸ ಅವಳಿಗೆ ವಾರದೊಳಗೆ ತಿಳಿಯಿತು.

ಮೂಸುವುದನ್ನು ಮಾತ್ರ ತಡೆಯಬೇಡಿ. ವಾಕಿಂಗ್ ಇರುವುದೇ ಅವಳಿಗೋಸ್ಕರ. ಹಗ್ಗ ಸಡಿಲವಾಗಿ ಇಪ್ಪತ್ತು ಹೆಜ್ಜೆ ನಡೆದರೆ "ಹೋಗು, ಮೂಸು" ಅನ್ನುತ್ತೇನೆ. ಎಷ್ಟೋ ಸಲ ಕೋಳಿಗಿಂತ ಆ ಕಂಬವೇ ಅವಳಿಗೆ ದೊಡ್ಡ ಬಹುಮಾನ.

ಬೀದಿನಾಯಿಗಳ ಎದುರು ನಾನೇ ಹೆದರಿ ಹಗ್ಗ ಗಿಡ್ಡ ಹಿಡಿಯುತ್ತಿದ್ದೆ. ಹಾಗೆ ಹಿಡಿದರೆ ಅವಳ ಮೈ ಸೆಟೆಯುತ್ತೆ, ಅವೂ ಅದನ್ನು ನೋಡಿ ಬೊಗಳುತ್ತವೆ. ಈಗ ದೂರದಲ್ಲೇ ಕಂಡು ರಸ್ತೆ ದಾಟುತ್ತೇನೆ, ಕೈ ಸಡಿಲ ಬಿಟ್ಟು ಬಳಸಿಕೊಂಡು ಹೋಗುತ್ತೇನೆ.

ಮಿಂಚುಗೆ ಈಗ ಎರಡೂವರೆ ವರ್ಷ. ಅಮ್ಮ ಮತ್ತೆ ಹಾಲಿನ ಬೂತಿಗೆ ಅವಳನ್ನು ಕರೆದುಕೊಂಡು ಹೋಗುತ್ತಾರೆ. ಹಗ್ಗ ಕೈಗೆ ಸುತ್ತಲ್ಲ, ಮಡಚಿ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಅಳಿಲು ಕಂಡರೆ ಅವಳ ಕಿವಿ ಮೊದಲು ಏಳುತ್ತೆ. ಆ ಒಂದು ಕ್ಷಣದಲ್ಲೇ ಹೆಸರು ಕರೆದು ಆಚೆ ತಿರುಗಬೇಕು. ಹೊಂಗೆ ಮರ ಬಂದರೆ ಮಾತ್ರ ಇಬ್ಬರೂ ಇವತ್ತಿಗೂ ರಸ್ತೆಯ ಆ ಬದಿಯಿಂದ ಹೋಗುತ್ತಾರೆ.