ಮಗುವಿನ ಸ್ಪೀಚ್ ಥೆರಪಿ ಆ ಮಗುವಿಗೇ ಹೊಂದುವ ಹಾಗೆ ಮಾಡಿಕೊಳ್ಳುವುದು ಹೇಗೆ

"ಮಾತು ಬರ್ತಿಲ್ಲ" ಅಂತ ಮೂರು ಮಕ್ಕಳು ಬಂದರೆ ಮೂವರ ತೊಂದರೆಯೂ ಬೇರೆ ಇರಬಹುದು. ಒಬ್ಬನಿಗೆ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಪದ ಮಾತ್ರ ಹೊರಗೆ ಬರುವುದಿಲ್ಲ. ಇನ್ನೊಬ್ಬಳು ಪದ ಹೇಳುತ್ತಾಳೆ, ಆದರೆ "ಶೂ ತಗೊಂಡು ಬಾ" ಅಂದರೆ ಮುಖ ನೋಡುತ್ತಾಳೆ. ಮತ್ತೊಬ್ಬ ಉದ್ದುದ್ದ ಮಾತಾಡುತ್ತಾನೆ, ಹೊರಗಿನವರಿಗೆ ಒಂದೂ ತಿಳಿಯುವುದಿಲ್ಲ. ಈ ಮೂವರಿಗೂ ಒಂದೇ ಚಿತ್ರದ ಪುಸ್ತಕ ತೋರಿಸಿ ಒಂದೇ ಪಾಠ ಮಾಡಿದರೆ ಪ್ರಯೋಜನವಿಲ್ಲ ಅಲ್ವಾ?

ಎಲ್ಲಕ್ಕಿಂತ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕರೆದರೆ ತಿರುಗಿ ನೋಡುತ್ತಾನೆ, ಹಾಗಾಗಿ ಕಿವಿ ಸರಿಯಿದೆ ಅಂತ ಅಂದುಕೊಳ್ಳಬೇಡಿ. ಕಿವಿಯ ತಮಟೆಯ ಹಿಂದೆ ನೀರಿನಂಥ ದ್ರವ ತುಂಬಿಕೊಂಡಿದ್ದರೆ ದನಿ ಕೇಳಿಸಿದರೂ ಅಕ್ಷರಗಳು ಸ್ಪಷ್ಟವಾಗಿ ಕೇಳುವುದಿಲ್ಲ. 2 ವರ್ಷಕ್ಕೆ ಸುಮಾರು 50 ಪದ, ಜೊತೆಗೆ "ನೀರು ಬೇಕು" ಥರ ಎರಡು ಪದ ಸೇರಿಸುವುದು ಬಂದಿರದಿದ್ದರೆ ಕಾಯುತ್ತಾ ಕೂರದೆ ತೋರಿಸಿ. ಬರುತ್ತಿದ್ದ ಮಾತು ನಿಂತುಹೋದರಂತೂ ಯಾವ ವಯಸ್ಸಾದರೂ ತಕ್ಷಣ ಹೋಗಿ.

ಥೆರಪಿಸ್ಟ್ ಹತ್ತಿರ ಹೋಗುವ ಮುಂಚೆ ಒಂದು ವಾರ ಬರೆದಿಡಿ. ಮಗು ಯಾವಾಗ ಜಾಸ್ತಿ ಸದ್ದು ಮಾಡುತ್ತದೆ, ಬೇಕಾದ್ದನ್ನು ಹೇಗೆ ಕೇಳುತ್ತದೆ (ಕೈ ಹಿಡಿದು ಎಳೆಯುತ್ತದಾ, ಬೆರಳು ತೋರಿಸುತ್ತದಾ), ಯಾವ ಆಟ ಬಿಟ್ಟು ಬರುವುದೇ ಇಲ್ಲ. ಮನೆಯಲ್ಲಿ ತೆಗೆದ ಎರಡು ಮೂರು ವಿಡಿಯೋ ಕೂಡ ಇರಲಿ, ಯಾಕಂದರೆ ಹೊಸ ಜಾಗದಲ್ಲಿ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. ಅಲ್ಲಿ "ಮಾತು ಸುಧಾರಿಸಬೇಕು" ಅನ್ನುವ ಗುರಿಗೆ ಒಪ್ಪಬೇಡಿ. "ಆಟದ ಹೊತ್ತಲ್ಲಿ ತಾನಾಗಿ 'ಕೊಡು', 'ಇನ್ನೂ', 'ಬೇಡ' ಹೇಳಬೇಕು" ಅನ್ನುವಂಥ, ಆಯ್ತೋ ಇಲ್ಲವೋ ಅಂತ ನೀವೇ ಎಣಿಸಬಹುದಾದ ಗುರಿ ಕೇಳಿ.

ವಾರಕ್ಕೆ ಒಂದೋ ಎರಡೋ ಗಂಟೆಯ ಥೆರಪಿ ದಾರಿ ತೋರಿಸುತ್ತದೆ ಅಷ್ಟೇ, ಮಾತು ಬೆಳೆಯುವುದು ಉಳಿದ ಹೊತ್ತಿನಲ್ಲಿ. ಅದಕ್ಕೆ ಬೇರೆ ಸಮಯ ತೆಗೆಯಬೇಕಿಲ್ಲ, ಸ್ನಾನ, ಬಟ್ಟೆ ಹಾಕುವುದು, ಮಲಗಿಸುವುದು ಸಾಕು. ಮಗು ಬಸ್ ಆಟಿಕೆ ಹಿಡಿದಿದ್ದರೆ ನೀವೂ ಬಸ್ಸಿನ ಬಗ್ಗೆಯೇ ಮಾತಾಡಿ. "ಬಸ್" ಅಂದರೆ ನೀವು "ಹೂಂ, ಬಸ್ ಹೋಯ್ತು" ಅನ್ನಿ, ಅಂದರೆ ಮಗುವಿನ ಮಾತಿಗೆ ಒಂದೇ ಪದ ಸೇರಿಸಿ. "ಹೇಳು, ಹೇಳು" ಅಂತ ಒತ್ತಾಯ ಬೇಡ, "ಇದೇನು?" ಅಂತ ಪರೀಕ್ಷೆಯೂ ಬೇಡ. ಕೆಂಪು ಚೆಂಡಾ, ನೀಲಿ ಚೆಂಡಾ ಅಂತ ಎರಡನ್ನೂ ತೋರಿಸಿ ಮನಸ್ಸಿನಲ್ಲೇ 10ರವರೆಗೆ ಎಣಿಸಿ. ಈ ಕಾಯುವುದೇ ನಮಗೆ ತುಂಬಾ ಕಷ್ಟ, ಮಗುವಿಗೆ ಬೇಕಿರುವುದೂ ಅದೇ. ಕಣ್ಣಲ್ಲಿ ನೋಡಿ ಕೈ ಚಾಚಿದರೂ ಅದು ಉತ್ತರವೇ, ಕೊಟ್ಟುಬಿಡಿ.

ಸನ್ನೆ ಕಲಿಸಿದರೆ ಅಥವಾ ಬೇಕಾದ್ದನ್ನು ತೋರಿಸಿ ಕೇಳಲು ಚಿತ್ರದ ಕಾರ್ಡ್ ಕೊಟ್ಟರೆ ಮಾತಾಡುವುದನ್ನೇ ಬಿಡುತ್ತಾನೆ ಅನ್ನುವ ಭಯ ಬೇಡ. ಅವು ಮಾತನ್ನು ತಡೆಯುವುದಿಲ್ಲ, ಮಗುವಿನ ಸಿಟ್ಟು ಅಳು ಕೂಡ ಕಡಿಮೆಯಾಗಬಹುದು. ಎರಡು ಭಾಷೆ ಕೇಳಿದ್ದರಿಂದ ಮಾತು ತಡವಾಯಿತು ಅನ್ನುವುದೂ ತಪ್ಪು. ನಿಮಗೆ ಸಲೀಸಾಗಿ ಬರುವ ಮನೆಮಾತನ್ನು ನಿಲ್ಲಿಸಬೇಡಿ.

ಉಚ್ಚಾರದ ತೊಂದರೆಗೆ ದಾರಿ ಬೇರೆ. ಮಗು "ಕ" ಬದಲು "ತ" ಅನ್ನುತ್ತದೆ ಅಂದುಕೊಳ್ಳಿ. ಕಾಯಿ, ತಾಯಿ ಎರಡರ ಚಿತ್ರ ಇಟ್ಟು ಆಡಿ. ಕಾಯಿ ಬೇಕಾಗಿ "ತಾಯಿ" ಅಂದರೆ ತಾಯಿಯ ಚಿತ್ರವನ್ನೇ ಕೊಡಿ. ಅಯ್ಯೋ ಇದಲ್ಲ ಅನ್ನಿಸಿದಾಗ ಸದ್ದಿನ ವ್ಯತ್ಯಾಸ ಮಗುವಿಗೇ ಹೊಳೆಯುತ್ತದೆ. ಪೀಪಿ ಊದಿಸುವುದು, ನಾಲಿಗೆ ಆಡಿಸುವ ಕಸರತ್ತು ಇವುಗಳಿಂದ ಅಕ್ಷರ ಸರಿಹೋಗುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇಲ್ಲ, ಥೆರಪಿಯ ಹೊತ್ತೆಲ್ಲ ಅದಕ್ಕೇ ಹೋಗುತ್ತಿದ್ದರೆ ಯಾಕೆ ಅಂತ ಕೇಳಿ. ಉಗ್ಗುವ ಮಗುವಿಗೆ "ನಿಧಾನ ಹೇಳು" ಅನ್ನಬೇಡಿ, ನೀವೇ ನಿಧಾನವಾಗಿ ಮಾತಾಡಿ, ಮಾತು ಮುಗಿಯುವ ತನಕ ಕೇಳಿ.

ತಿಂಗಳಿಗೊಮ್ಮೆ ಅದೇ ಆಟದ 5 ನಿಮಿಷದ ವಿಡಿಯೋ ತೆಗೆದು ಹಳೆಯದರ ಜೊತೆ ನೋಡಿ. ಎರಡು ಮೂರು ತಿಂಗಳಾದರೂ ಏನೂ ಬದಲಾಗಿಲ್ಲ ಅಂದರೆ ಮಗುವನ್ನು ದೂರಬೇಡಿ. ಎರಡೂ ವಿಡಿಯೋ ಥೆರಪಿಸ್ಟ್‌ಗೆ ತೋರಿಸಿ, ಗುರಿ ಬದಲಿಸಬೇಕಾ, ವಿಧಾನ ಬದಲಿಸಬೇಕಾ ಅಂತ ನೇರವಾಗಿ ಕೇಳಿ.