ಒಳಲಂಗ ಹೊಲಿಯೋ ಕೈಗೆ ಗುಮ್ಮಟ ಕಷ್ಟವಲ್ಲ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಾನು ಬ್ಲೌಸ್, ಒಳಲಂಗ ಹೊಲಿಯುತ್ತೇನೆ. ಶಾಲೆಯ ಪ್ರಾಜೆಕ್ಟಿಗೆ "ದೊಡ್ಡವ್ವ, ಒಂದು ಗುಮ್ಮಟ ಮಾಡಿಕೊಡು" ಅಂತ ತಂಗಿಯ ಮಗಳು ಗಂಟುಬಿದ್ದಳು. ನಾನು ಹುಟ್ಟಿದ್ದು ವಿಜಯಪುರದಲ್ಲಿ. ಬರಲ್ಲ ಅನ್ನೋದು ಹೇಗೆ? ಮೊದಲು ಬಲೂನಿನ ಮೇಲೆ ಪೇಪರ್ ಅಂಟಿಸಿದೆವು. ಗಾಳಿ ಬಿಟ್ಟ ಮೇಲೆ ಉಳಿದದ್ದು ಸೊಟ್ಟ ಆಲೂಗಡ್ಡೆ.

ಆಮೇಲೆ ಅವಳನ್ನು ಲೋಕಲ್ ಹತ್ತಿಸಿ ಮುಂಬೈಯ ವಿಟಿ (ಈಗ ಸಿಎಸ್‌ಎಂಟಿ) ಸ್ಟೇಷನ್ ಪಕ್ಕದ ಜಿಪಿಓಗೆ, ಅಂದರೆ ದೊಡ್ಡ ಅಂಚೆ ಕಚೇರಿಗೆ, ಕರೆದುಕೊಂಡು ಹೋದೆ. 1913ರಲ್ಲಿ ಮುಗಿದ ಕಟ್ಟಡ, ವಾಸ್ತುಶಿಲ್ಪಿ ಜಾನ್ ಬೆಗ್ ಅದಕ್ಕೆ ನಮ್ಮ ಗೋಳಗುಮ್ಮಟವನ್ನೇ ಮಾದರಿ ಮಾಡಿಕೊಂಡಿದ್ದ. ಒಳಗೆ ನಿಂತು ತಲೆ ಎತ್ತಿದರೆ ಪ್ರಶ್ನೆ ತಾನಾಗಿ ಬರುತ್ತದೆ: ಕೋಣೆ ಚೌಕ, ಗುಮ್ಮಟ ದುಂಡಗೆ. ನಾಲ್ಕು ಮೂಲೆಗಳು ಎಲ್ಲಿಗೆ ಹೋದವು?

ಉತ್ತರವನ್ನು ರಟ್ಟಿನ ಮೇಲೆ ಬರೆಯೋಣ. 20 ಸೆಂ.ಮೀ. ಚೌಕ ಹಾಕಿ, ಕರ್ಣಗಳನ್ನು ಎಳೆದು ನಡುಬಿಂದು ಗುರುತಿಸಿ. ಕೈವಾರದ ಮೊನೆ ಒಂದು ಮೂಲೆಯಲ್ಲಿಟ್ಟು ಪೆನ್ಸಿಲನ್ನು ನಡುಬಿಂದುವಿನವರೆಗೆ ತೆರೆಯಿರಿ. ಅದೇ ಅಳತೆಯಲ್ಲಿ ಅಕ್ಕಪಕ್ಕದ ಎರಡು ಬದಿಗಳ ಮೇಲೆ ಗುರುತು ಹಾಕಿ. ನಾಲ್ಕೂ ಮೂಲೆಯಿಂದ ಹೀಗೆ ಮಾಡಿದರೆ ಬದಿಗೆ ಎರಡರಂತೆ ಎಂಟು ಗುರುತು. ಸುತ್ತ ನಂಬರ್ ಹಾಕಿ. 1-3-5-7 ಸೇರಿಸಿ ಒಂದು ಚೌಕ, 2-4-6-8 ಸೇರಿಸಿ ಇನ್ನೊಂದು. ನಮ್ಮ ಬಾಗಿಲ ಮುಂದಿನ ರಂಗೋಲಿ ಥರಾನೇ ಅಲ್ವಾ? ಎಂಟೂ ಗೆರೆಗಳನ್ನು ಮುಟ್ಟುವ ಹಾಗೆ ಒಳಗೊಂದು ವೃತ್ತ ಎಳೆಯಿರಿ. ಅದರ ವ್ಯಾಸ ಸುಮಾರು 15.3 ಸೆಂ.ಮೀ. ಬರಬೇಕು.

1656ರಲ್ಲಿ ಮುಗಿದ ಗೋಳಗುಮ್ಮಟದ ಗುಟ್ಟು ಇದೇ. ಈ ಎಂಟು ಗೆರೆಗಳ ಮೇಲೆ ಎಂಟು ಕಮಾನು ಒಂದನ್ನೊಂದು ದಾಟುತ್ತವೆ. ಗುಮ್ಮಟ ಹೊರಕ್ಕೆ ತಳ್ಳುತ್ತದೆ, ಕಮಾನುಗಳ ನಡುವಿನ ಒಳಬಾಗಿದ ಗಾರೆಯ ಭಾರ ಅದನ್ನು ತಡೆಯುತ್ತದೆ. ಅಲ್ಲಿ ಗುಮ್ಮಟ ಒಳವೃತ್ತದ ಅಂಚಿನ ಮೇಲೇ ಕೂತಿಲ್ಲ, ಹಿಂದೆ ಸರಿದಿದೆ. ಬಿಟ್ಟ ಆ ಜಾಗವೇ ಪಿಸುಮಾತಿನ ಗ್ಯಾಲರಿ. ನಮ್ಮ ರಟ್ಟಿನದಕ್ಕೆ ಅದೆಲ್ಲ ಬೇಡ, ವೃತ್ತದ ಮೇಲೇ ಕೂರಿಸಿ.

ಇನ್ನು ನನ್ನ ಕಸುಬು. ವೃತ್ತದ ಸುತ್ತಳತೆ 48 ಸೆಂ.ಮೀ. ಅದನ್ನು 16 ಭಾಗ ಮಾಡಿ, ಭಾಗಕ್ಕೊಂದರಂತೆ ಪೇಪರಿನ 16 ತುಂಡು ಕತ್ತರಿಸಬೇಕು. ಮುಂಬೈ ದರ್ಜಿಗಳ ಬಾಯಲ್ಲಿ ಇವು 'ಕಲೀ'. ಪ್ರತಿ ಕಲೀ ಬುಡದಲ್ಲಿ 3 ಸೆಂ.ಮೀ. ಅಗಲ, ಎತ್ತರ 12. ಬುಡದಿಂದ 4 ಸೆಂ.ಮೀ. ಮೇಲೆ ಅಗಲ 2.6, 8ರಲ್ಲಿ 1.5, ತುದಿಯಲ್ಲಿ ಸೊನ್ನೆ. ಈ ಗುರುತುಗಳನ್ನು ಬಾಗಿದ ಗೆರೆಯಿಂದಲೇ ಸೇರಿಸಿ. ಸ್ಕೇಲಿಟ್ಟು ನೇರ ಎಳೆದರೆ ಜೋಕರ್ ಟೋಪಿ ಆಗುತ್ತದೆ, ನನಗೆ ಆಗಿದೆ. ಬುಡದಲ್ಲಿ ಅರ್ಧ ಸೆಂ.ಮೀ. ಜಾಸ್ತಿ ಬಿಟ್ಟು ಮಡಚಿ, ಅಂಟಿಸಲು ಬೇಕು.

ಅಂಟಿಸುವ ಮೊದಲೇ ಚಿತ್ತಾರ ಬರೆಯಿರಿ. ಎಲ್ಲಾ ಸಾಲಲ್ಲೂ ಒಂದೇ ಸೈಜಿನ ಹೂವು ಬೇಡ, ಮೇಲೆ ಹೋದಂತೆ ಜಾಗ ಸಾಲುವುದಿಲ್ಲ. ಇರಾನಿನ ಇಸ್ಫಹಾನ್ ಊರಿನ ಶೇಖ್ ಲುತ್ಫುಲ್ಲಾ ಮಸೀದಿಯ ಗುಮ್ಮಟದ ಒಳಗೆ ನಿಂಬೆಹಣ್ಣಿನಾಕಾರದ ಚಿತ್ತಾರ ನೆತ್ತಿಯ ಕಡೆಗೆ ಚಿಕ್ಕದಾಗುತ್ತಾ ಹೋಗುತ್ತದೆ, ಗುಮ್ಮಟ ಇನ್ನೂ ಎತ್ತರ ಅನಿಸುತ್ತದೆ. ಕೈರೋದ ಸುಲ್ತಾನ್ ಕಾಯ್ತ್‌ಬೇ ಗೋರಿಯ ಗುಮ್ಮಟದ ಹೊರಮೈಯಲ್ಲಿ ನಕ್ಷತ್ರದ ಗೆರೆಯೂ ಬಳ್ಳಿಯೂ ಒಂದರೊಳಗೊಂದು ಹೆಣೆದುಕೊಂಡಿವೆ, ಅದೂ ಕಲ್ಲಿನಲ್ಲಿ! ನಾನಾದರೆ ಮೊದಲ ಸಲಕ್ಕೆ ಇಸ್ಫಹಾನಿನದೇ ಸಾಕು ಅನ್ನುತ್ತೇನೆ. ಒಂದು ಕಲೀ ಮೇಲೆ ಚಿತ್ತಾರ ಸರಿಯಾಗಿ ಬರೆದು, ಉಳಿದ ಹದಿನೈದಕ್ಕೆ ಕಾರ್ಬನ್ ಪೇಪರ್ ಇಡಿ.

ಕೊನೆಗೆ ಎದುರುಬದುರಿನ ಎರಡು ಕಲೀ ಮೊದಲು ಅಂಟಿಸಿ, ಆಮೇಲೆ ಅವಕ್ಕೆ ಅಡ್ಡ ಎರಡು, ಉಳಿದವು ಆಮೇಲೆ. ಒಂದೇ ಕಡೆಯಿಂದ ಸುತ್ತುತ್ತಾ ಹೋದರೆ ಗುಮ್ಮಟ ವಾಲುತ್ತದೆ. ಎಷ್ಟೇ ಜಾಗ್ರತೆ ಮಾಡಿದರೂ ನೆತ್ತಿಯಲ್ಲಿ ಹದಿನಾರು ತುದಿ ಸರಿಯಾಗಿ ಸೇರುವುದಿಲ್ಲ, ಸಣ್ಣ ತೂತು ಉಳಿಯುತ್ತದೆ. ನಾನು ಅಲ್ಲಿ ಬ್ಲೌಸಿನ ಒಂದು ಬಂಗಾರದ ಬಣ್ಣದ ಗುಂಡಿ ಅಂಟಿಸಿದೆ. ಟೀಚರು ಅದನ್ನು ಕಳಶ ಅಂದುಕೊಂಡರಂತೆ.